ಗೋಲಿನ ಹಿಂದೆ ಕುಳಿತವಳು

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ನಾಗಪುರದ ರೈಲ್ವೆ ತಂಡ ಒಂದು ಗೋಲಿನಿಂದ ಮುಂದಿತ್ತು, ಗೋಲ್‌ಕೀಪರ್ ಸಿದ್ದಲಿಂಗಯ್ಯನ ಅಂಗಿಗೆ ಇನ್ನೂ ಮಣ್ಣು ಹತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಇದಕ್ಕಿಂತ ಸುಖ ಇನ್ನೇನಿದೆ? ಆದರೆ ಇವತ್ತು ಅವನ ಕೊನೆಯ ಪಂದ್ಯ. ಮೇಲಾಗಿ ಬಲೆಯ ಹಿಂದೆ ಜಮಖಾನೆ ಹಾಸಿಕೊಂಡು ಹೆಂಡತಿ ಕಲಾವತಿ ಕುಳಿತಿದ್ದಳು. ಎಲ್ಲರೂ ಬರಿಗಾಲಲ್ಲಿ ಆಡುತ್ತಿದ್ದ ಕಾಲದಿಂದಲೂ ಅವನ ಮುರಿದ ಬೆರಳುಗಳಿಗೆ ಅರಿಸಿನ ಎಣ್ಣೆ ಹಚ್ಚುತ್ತ ಬಂದವಳು, ಅವು ಮುರಿಯುವುದು ಹೇಗೆಂದು ನೋಡಲು ಬಂದದ್ದು ಇವತ್ತೇ ಮೊದಲು. ಸಾಹೇಬರ ಮನೆಯ ಹೆಂಗಸರ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದರೂ, "ಅಲ್ಲೆ ನನಗ ಉಸುರು ಕಟ್ಟತೈತಿ" ಎಂದು ಇಲ್ಲಿಗೆ ಬಂದಿದ್ದಳು.

"ಏನವಾ ಕಲಾವತಿ, ನಿನ್ನ ಗಂಡ ಬರೇ ನಿಂತ ಬಿಟ್ಟಾನಲ್ಲ!" ಪಕ್ಕದ ಕ್ವಾರ್ಟರ್ಸಿನ ಯಲ್ಲಮ್ಮ ಕಿತ್ತಳೆ ಸುಲಿಯುತ್ತ ಅಂದಳು. "ಇದಕ್ಕ ರೈಲ್ವೆದವರು ಪಗಾರ ಕೊಡತಾರೇನು? ನಮ್ಮ ಚೌಕೀದಾರ ಇದಕ್ಕಿಂತ ಜಾಸ್ತಿ ಅಡ್ಡಾಡತಾನ."

ಹೆಂಗಸರೆಲ್ಲ ನಕ್ಕರು. ಕಲಾವತಿಯೂ ನಕ್ಕಳು. ಅವಳ ನಗುವನ್ನು ಸಿದ್ದಲಿಂಗಯ್ಯ ಬೆನ್ನ ಹಿಂದೆ ಕೇಳಿಸಿಕೊಂಡ, ಅವನ ಕಿವಿ ಕೆಂಪಾದವು. ಅವಳೆದುರು ಹಿಡಿದು ತೋರಿಸಲು ಒಂದೇ ಒಂದು ಚೆಂಡು ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ತನ್ನದೇ ತಂಡಕ್ಕೆ ಕೇಡು ಬಯಸುತ್ತಿದ್ದೇನೆ ಎಂದು ಅವನಿಗೆ ಹೊಳೆಯಲೂ ಇಲ್ಲ.

ಬಂತು. ಎದುರಾಳಿ ಗಿರಣಿ ತಂಡದ ಮುಂಚೂಣಿ ಆಟಗಾರ ದೂರದಿಂದ ಒದ್ದ ಚೆಂಡು ಗೋಲಿನ ಎಡಮೂಲೆಗೆ ಹೊರಟಿತ್ತು. ದಾರಿಯಲ್ಲಿ ಗುಂಡಪ್ಪ ನಿಂತಿದ್ದ. ಗುಂಡಪ್ಪನೂ ಗದಗಿನ ಕಡೆಯವನೇ, ಸಿದ್ದಲಿಂಗಯ್ಯನೇ ಕರೆತಂದು ತಂಡಕ್ಕೆ ಸೇರಿಸಿದ ಹುಡುಗ. ಎದುರಾಳಿಗಳಿಗೆ ತಿಳಿಯಬಾರದೆಂದು ಇಬ್ಬರೂ ಆಟದಲ್ಲಿ ಕನ್ನಡದಲ್ಲೇ ಕೂಗಿಕೊಳ್ಳುತ್ತಿದ್ದರು. ಕೀಪರ್ 'ಹೊಡಿ' ಎಂದರೆ ಹೊಡೆಯಬೇಕು, 'ಬಿಡು' ಎಂದರೆ ಬಿಡಬೇಕು. ಅದಕ್ಕೆ ಎದುರು ಮಾತಿಲ್ಲ. ಗುಂಡಪ್ಪ ಒದೆಯಲು ಕಾಲೆತ್ತಿದ.

"ಬಿಡೋ, ಗುಂಡ್ಯಾ!" ಹಿಂದಿನಿಂದ ಸಿದ್ದಲಿಂಗಯ್ಯ ಕೂಗಿದ.

ಗುಂಡಪ್ಪನಿಗೆ ಅಚ್ಚರಿಯಾಯಿತು, ಆದರೂ ಪಕ್ಕಕ್ಕೆ ಸರಿದ. ಸಿದ್ದಲಿಂಗಯ್ಯ ಉದ್ದಕ್ಕೂ ಹಾರಿದ. ಹಿಂದೆಲ್ಲ ಕಣ್ಣು ಮುಚ್ಚಿ ಹಿಡಿಯುತ್ತಿದ್ದ ಚೆಂಡು. ಇವತ್ತು ಅದು ಬೆರಳಿನ ತುದಿ ಸವರಿಕೊಂಡು ಒಳಗೆ ಹೋಗಿ, ಕಲಾವತಿಯ ಎದುರಿಗೇ ಬಲೆಯಲ್ಲಿ ಸಿಕ್ಕಿಕೊಂಡಿತು. ಮತ್ತೊಮ್ಮೆ ಆಟ ಶುರುವಾಗುವಷ್ಟರಲ್ಲಿ ರೆಫರಿ ಸೀಟಿ ಊದಿಬಿಟ್ಟ. ಪಂದ್ಯ ಸಮವಾಯಿತು.

ತಂಡದ ಸೆಕ್ರೆಟರಿ ಬಾಪಟ್ ಸಾಹೇಬರು ಒಂದು ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದುಕೊಂಡೇ ಓಡಿ ಬಂದರು. ಹಾರದ ಜೊತೆಗೆ, ಸಿದ್ದಲಿಂಗಯ್ಯ ಇನ್ನು ಮುಂದೆ ತಂಡದ ಕೋಚ್ ಎಂದು ಸಾರುವುದು ಬಾಕಿ ಇತ್ತು. ಅದಕ್ಕೆ ಮೊದಲು ಅವರು ಗುಂಡಪ್ಪನ ಮೇಲೆ ಹರಿಹಾಯ್ದರು.

"ಅಂಧಾ ಹೈ ಕ್ಯಾ? ಕಾಲ ಬುಡಕ್ಕೆ ಬಂದ ಚೆಂಡಿಗೆ ದಾರಿ ಬಿಟ್ಟು ನಿಂತೆಯಲ್ಲ! ಕಲಕತ್ತೆಯ ಪಂದ್ಯಕ್ಕೆ ನೀನು ಬರಬೇಡ. ನೌಕರಿ ಪಕ್ಕಾ ಆಗುವುದನ್ನೂ ಮರೆತುಬಿಡು."

ರೈಲ್ವೆಯಲ್ಲಿ ಹಂಗಾಮಿ ಖಲಾಸಿಯಾಗಿ ಕೂಲಿ ಮಾಡುತ್ತಿದ್ದ ಗುಂಡಪ್ಪನಿಗೆ ಆ ಕಲಕತ್ತೆ ಪಂದ್ಯವೇ ಅನ್ನದ ದಾರಿ. ಅವನ ಮುಖ ಬಿಳಿಚಿಕೊಂಡಿತು. ಆದರೂ ಕೀಪರ್ ಕೂಗಿದ್ದನ್ನು ಅವನು ಹೇಳಲಿಲ್ಲ.

ಅಷ್ಟರಲ್ಲಿ ಕಲಾವತಿ ಟವೆಲು ಹಿಡಿದು ಬಂದಳು. ಗಂಡನಿಗೆ ಅದನ್ನು ಕೊಡುತ್ತ ಮೆಲ್ಲಗೆ ಕೇಳಿದಳು:

"ಬಿಡು ಅಂತ ಒದರಿದವರು ನೀವ ಅಲ್ರಿ? ಮತ್ತ ಬೈಗಳ ಅಂವಗ್ಯಾಕ?"

"ಕಾಯ್ ಮ್ಹಣತಾತ ವಹಿನೀ?" ಅತ್ತಿಗೆ ಏನೆನ್ನುತ್ತಾರೆ ಎಂದು ಬಾಪಟ್ ಸಾಹೇಬರು ಕೇಳಿದರು.

ತರಕಾರಿಯವರೊಡನೆ ಜಗಳಾಡುವಷ್ಟು ಮರಾಠಿ ಕಲಾವತಿಗೆ ಚೆನ್ನಾಗಿಯೇ ಬರುತ್ತಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು, "ತೇಚ್ ಸಾಂಗತೀಲ" ಎಂದಳು. ಅವರೇ ಹೇಳುತ್ತಾರೆ.

ಸಿದ್ದಲಿಂಗಯ್ಯ ಹಾರದ ಕಡೆ ನೋಡಿದ, ಗುಂಡಪ್ಪನ ಕಡೆ ನೋಡಿದ. ಕೆಟ್ಟವನೇನಲ್ಲ ಅವನು.

"ಸಾಬ್, ಗಲತೀ ಮೇರೀ ಹೈ. ಅವನು ಹೊಡೆಯುತ್ತಿದ್ದ. ಬಿಡು ಅಂದವನು ನಾನೇ."

ಬಾಪಟ್ ಸಾಹೇಬರು ಅವನನ್ನೇ ದಿಟ್ಟಿಸಿದರು. ಅವರ ಕಣ್ಣು ತುಂಬಿ ಬಂದವು. ಹಾರವನ್ನು ಅವನ ಕೊರಳಿಗೆ ಹಾಕಿ, ಎಲ್ಲರಿಗೂ ಕೇಳುವಂತೆ ಕೂಗಿದರು: "ನೋಡಿ! ಹೋಗುವ ದಿನವೂ ಹುಡುಗನ ತಪ್ಪನ್ನು ತನ್ನ ತಲೆಯ ಮೇಲೆ ಹೊರುತ್ತಾನೆ. ಇಂಥವನನ್ನು ಬಿಟ್ಟು ಇನ್ನಾರನ್ನು ಕೋಚ್ ಮಾಡಲಿ? ಏ ಗುಂಡಪ್ಪಾ, ಮನುಷ್ಯ ಅಂದರೆ ಹೀಗಿರಬೇಕು, ಕಲಿ!"

ಚಪ್ಪಾಳೆಯೋ ಚಪ್ಪಾಳೆ. "ಖರೇನ ಸಾಬ್, ನಾನ..." ಎಂದ ಸಿದ್ದಲಿಂಗಯ್ಯನ ಮಾತು ಯಾರಿಗೂ ಕೇಳಿಸಲಿಲ್ಲ. ಗುಂಡಪ್ಪ ಒಂದು ಬದಿಗೆ ಕುಳಿತು ಬೂಟು ಬಿಚ್ಚತೊಡಗಿದ.

ಗದ್ದಲ ತಗ್ಗಿದ ಮೇಲೆ ಸಿದ್ದಲಿಂಗಯ್ಯ ಹೆಂಡತಿಯ ಕಡೆ ತಿರುಗಿದ. ಒಳಗೊಳಗೇ ಅವನಿಗೆ ಸಮಾಧಾನವಾಗಿತ್ತು. ಹಾಗಾದದ್ದಕ್ಕೆ ನಾಚಿಕೆಯೂ ಆಗಿತ್ತು.

"ಹೇಳೂದು ಹೇಳೇನಿ. ಅವರು ನಂಬಲಿಲ್ಲ, ನಾ ಏನ ಮಾಡಲಿ?"

"ಅರ್ಧಾ ಹೇಳೀರಿ," ಎಂದಳು ಕಲಾವತಿ. "ಒದಿಯಾಕ ನಿಂತವಗ ಬಿಡು ಅಂತ ಯಾಕ ಅಂದ್ರಿ? ಅದನ್ನೂ ಹೇಳ್ರಿ. ಆವಾಗ ನಂಬತಾರ."

ಬಾಪಟ್ ಸಾಹೇಬರು ಇನ್ನೂ ಅಲ್ಲೇ ನಿಂತಿದ್ದರು. ಸಿದ್ದಲಿಂಗಯ್ಯ ಆ ಕಾರಣವನ್ನು ಇಡೀ ನಾಗಪುರದ ಮುಂದೆ ಹೇಳಿಬಿಡುತ್ತಿದ್ದ, ಕೇಳಿಸಿಕೊಳ್ಳಲು ಹೆಂಡತಿಯೊಬ್ಬಳು ಅಲ್ಲಿ ಇರದಿದ್ದರೆ.