ಎತ್ತಿದ ಕೈ

ಅಜ್ಜಿ ಬಾಗಿಲನ್ನು ಅರ್ಧ ಮಾತ್ರ ತೆಗೆದಳು. ಆ ಅರ್ಧದಲ್ಲೇ ಮೇಷ್ಟ್ರಿಗೆ ಕಾಣಬಾರದ್ದು ಕಂಡಿತು. ಒಳಗೊಂದು ಮೇಜು, ಅದರ ಮುಂದೆ ಕುರ್ಚಿ, ಕುರ್ಚಿಯ ಬೆನ್ನಿಗೆ ಗಂಟು ಹಾಕಿದ ಬಟ್ಟೆಯ ಪಟ್ಟಿ. ಪಟ್ಟಿಯ ಇನ್ನೊಂದು ತುದಿಯಲ್ಲಿ ಕುಣಿಕೆ.

"ಮೊಮ್ಮಗಳೆಲ್ಲಿ ಅಜ್ಜಿ?"

"ಹಿತ್ತಲಲ್ಲಿದಾಳೆ. ಈಗ ತಾನೇ ಬಿಚ್ಚಿ ಕಳಿಸಿದೆ."

ಹುಡುಗಿಯ ಮಣಿಕಟ್ಟಿನ ಸುತ್ತ ಕೆಂಪು ಗೆರೆ ಇರುವುದನ್ನು ಅವರು ಎಷ್ಟೋ ಸಲ ತರಗತಿಯಲ್ಲಿ ಕಂಡಿದ್ದರು. ಊರ ಉಸಾಬರಿ ತನಗೇಕೆ ಎಂದು ಸುಮ್ಮನಿದ್ದರು.

"ಮಗೂನ ಕಟ್ಟಿಹಾಕ್ತೀರಾ?"

"ಇನ್ನೇನು ಮಾಡಲಿ ಮೇಷ್ಟ್ರೇ? ಚಾಳಿ ಬಿಡಬೇಕಲ್ಲ. ನಾಳೆ ನಾಲ್ಕು ಜನರ ಮುಂದೆ ಅವಳಿಗೇ ಅವಮಾನ."

ಎಂಥ ಚಾಳಿ ಎಂದು ಮೇಷ್ಟ್ರು ಕೇಳಲಿಲ್ಲ. ಕಳ್ಳತನವೋ, ಮನೆ ಬಿಟ್ಟು ಓಡುವುದೋ, ಏನೋ ಒಂದು. ಅವರಿಗೆ ಬೇಕಾಗಿದ್ದು ಒಂದು ಸಹಿ.

ಆ ವರ್ಷ ಸರ್ಕಾರ ಮೇಷ್ಟ್ರುಗಳ ಮೂಗಿಗೆ ಹೊಸ ಆಸೆಯ ತುಪ್ಪ ಸವರಿತ್ತು. ಯಾರ ತರಗತಿ ಎಲ್ಲರಿಗಿಂತ ಮುಂದೆಯೋ ಅವರಿಗೆ ಬಹುಮಾನದ ಹಣ, ಎಲ್ಲರಿಗಿಂತ ಹಿಂದೆಯೋ ಅವರಿಗೆ ಎತ್ತಂಗಡಿ. ಪರೀಕ್ಷೆಯ ಸರಾಸರಿಯನ್ನು ನೋಡುತ್ತಾರೆ, ಒಂದು ದಿನ ತಪಾಸಣೆಯವರು ಬಂದು ಹಿಂದಿನ ಬೆಂಚಿನಲ್ಲಿ ಕೂತೂ ನೋಡುತ್ತಾರೆ. ಮೇಷ್ಟ್ರ ಹೆಂಡತಿಯಂತೂ ಬರುವ ಹಣವನ್ನು ನಂಬಿ ಹೊಸ ಸೋಫಾ ಆರಿಸಿಟ್ಟು ಬಂದಿದ್ದಳು.

ಮೇಷ್ಟ್ರೇನು ಕಡಿಮೆ ಆಸಾಮಿಯೇ? ಶಾಲೆ ಶುರುವಾದ ವಾರವೇ ಕದ ಹಾಕಿಕೊಂಡು ಮಕ್ಕಳಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಪ್ರಶ್ನೆ ಬಿದ್ದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಎಬ್ಬಿಸುವುದು ಬಲಗೈಯವರನ್ನು ಮಾತ್ರ. ಈ ಮಾತನ್ನು ಮತ್ತೆ ಯಾರ ಮುಂದೆಯೂ ಆಡಕೂಡದೆಂದು ಆಣೆ ಹಾಕಿಸಿದ್ದರು. ಗುಟ್ಟು ಕಾಯುವುದರಲ್ಲಿ ಆ ಮಕ್ಕಳು ದೊಡ್ಡವರನ್ನೇ ಮೀರಿಸಿದರು.

ಈ ಹುಡುಗಿ ಬಂದಿದ್ದು ಆಮೇಲೆ, ತಂದೆತಾಯಿ ತೀರಿಕೊಂಡು ಅವಳು ಅಜ್ಜಿಯ ಮನೆ ಸೇರಿದ ಮೇಲೆ. ಖಾಲಿ ಇದ್ದ ಮೂಲೆಯಲ್ಲಿ ಕೂತಳು, ಮೂಲೆ ಹುಡುಗಿ ಎಂದೇ ಹೆಸರಾಯಿತು. ಯಾರೊಂದಿಗೂ ಮಾತಿಲ್ಲ. ಪೆನ್ಸಿಲನ್ನು ಯಾರದೋ ಸಾಲ ತಂದಂತೆ ಹಿಡಿಯುತ್ತಿದ್ದಳು. ಬೇರೆಯವರು ಪುಟ ಮುಗಿಸಿದಾಗ ಅವಳಿನ್ನೂ ಎರಡನೆಯ ಸಾಲಿನಲ್ಲಿ ತಿಣುಕುತ್ತಿರುತ್ತಿದ್ದಳು. ಇನ್ನು ಪ್ರಶ್ನೆ ಕೇಳಿದರೆ, ಪ್ರತಿ ಪ್ರಶ್ನೆಗೂ ಎಡಗೈ. ಪಾಪ, ದಡ್ಡಿಯಾದರೂ ಸುಳ್ಳಿಲ್ಲ ಎಂದು ಮೇಷ್ಟ್ರು ಮೊದಮೊದಲು ನಕ್ಕಿದ್ದರು. ಸರಾಸರಿ ಲೆಕ್ಕ ಹಾಕಿದ ದಿನ ನಗು ನಿಂತಿತು.

ಒಮ್ಮೆ ಎಲ್ಲರೂ ಹೋದ ಮೇಲೆ ಅವಳು ಮೇಜಿನ ಹತ್ತಿರ ಬಂದು ನಿಂತಿದ್ದಳು.

"ಸಾರ್, ನನ್ನನ್ನ ಯಾವಾಗ ಕೇಳ್ತೀರಾ?"

"ಹೆದರಬೇಡ ಕಣಮ್ಮ. ನಿನ್ನನ್ನ ಕೇಳೋದೇ ಇಲ್ಲ."

ಹುಡುಗಿಯ ಕಣ್ಣು ತುಂಬಿತು. ನೆಮ್ಮದಿಯಿಂದ ಇರಬೇಕು ಎಂದುಕೊಂಡರು ಮೇಷ್ಟ್ರು.

ದಾರಿ ಒಂದಿತ್ತು. ಕಲಿಯಲಾಗದ ಮಗು ಎಂದು ಮೇಷ್ಟ್ರು ಬರೆದುಕೊಟ್ಟು, ಮನೆಯವರು ಸಹಿ ಹಾಕಿದರೆ, ಅಂಥ ಮಕ್ಕಳಿಗೆಂದೇ ಇರುವ ದೂರದ ವಸತಿಶಾಲೆಗೆ ಕಳಿಸಬಹುದು. ಸರಾಸರಿಯಿಂದಲೂ ಹೆಸರು ಹೋಗುತ್ತದೆ. ಆ ಕಾಗದವನ್ನೇ ಮೇಷ್ಟ್ರು ಈಗ ಅಜ್ಜಿಯ ಮುಂದೆ ಚಾಚಿದರು.

"ಇನ್ನೊಂದಷ್ಟು ದಿನ ನೋಡೋಣ ಮೇಷ್ಟ್ರೇ," ಎಂದಳು ಅಜ್ಜಿ. "ಬರವಣಿಗೆ ಈಗೀಗ ಹತೋಟಿಗೆ ಬರ್ತಿದೆ."

"ಒಂದು ಪ್ರಶ್ನೆಗೂ ಉತ್ತರ ಬರಲ್ಲ ಅಜ್ಜಿ ಅವಳಿಗೆ."

"ಹೌದಾ? ಅವಳು ಬೇರೆ ಥರ ಹೇಳ್ತಾಳಲ್ಲ..."

"ಮಕ್ಕಳು ಹೇಳೋದನ್ನೆಲ್ಲ ನಂಬಿದ್ರೆ ಮುಗೀತು."

ಓದಿದವರ ಮುಂದೆ ಅಜ್ಜಿ ಎಷ್ಟೆಂದು ವಾದಿಸಿಯಾಳು? ಕಣ್ಣೊರೆಸಿಕೊಂಡು ಸಹಿ ಹಾಕಿದಳು. ಕುಣಿಕೆ ಹಾಕುವ ಮುದುಕಿಯಿಂದ ಮಗುವನ್ನು ಪಾರು ಮಾಡಿದೆನೆಂದು ಮೇಷ್ಟ್ರು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು. ಹೇಳಿಕೊಳ್ಳುತ್ತ ನಂಬಿಯೂ ಬಿಟ್ಟರು.

ತಪಾಸಣೆಯ ದಿನ ಬೆಳಗ್ಗೆಯೇ ಬರಬೇಕಿದ್ದ ವಸತಿಶಾಲೆಯ ವ್ಯಾನು ತಡವಾಯಿತು. ತಪಾಸಣೆಯ ಮೇಡಂ ಬಂದು ಕೂತರು. ಮೂಲೆ ಹುಡುಗಿ ಬಟ್ಟೆಯ ಗಂಟನ್ನು ಕಾಲ ಬಳಿ ಇಟ್ಟುಕೊಂಡು ತನ್ನ ಜಾಗದಲ್ಲೇ ಇದ್ದಳು. ಮೇಷ್ಟ್ರು ಆ ಕಡೆ ನೋಡದೆ ಮೊದಲ ಪ್ರಶ್ನೆ ಹಾಕಿದರು.

"ಕಾದ ನೀರು ಎಲ್ಲಿಗೆ ಹೋಗುತ್ತೆ?"

ಇಡೀ ತರಗತಿ ಕೈ ಎತ್ತಿತು. ಬಲಗೈಯೊಂದು ಎದ್ದು ಉತ್ತರ ಹೇಳಿತು. ಮತ್ತೊಂದು ಪ್ರಶ್ನೆ, ಮತ್ತೊಂದು ಬಲಗೈ. ಮೇಡಂ ತಲೆದೂಗಿದರು. ಆದರೆ ಅವರ ಕಣ್ಣು ಮೂಲೆಯನ್ನು ಬಿಟ್ಟು ಅಲ್ಲಾಡಲಿಲ್ಲ.

"ಆ ಹುಡುಗೀನ ನೀವು ಕೇಳಲೇ ಇಲ್ಲ."

"ಅವಳು ಕಲಿಯಲ್ಲ ಮೇಡಂ. ಇವತ್ತೇ ಬೇರೆ ಶಾಲೆಗೆ ಹೋಗ್ತಿದಾಳೆ."

"ಆದ್ರೂ ಕೈ ನೋಡಿ, ಬೆಂಚಿಂದ ಹಾರಿಬಿಡೋ ಹಾಗಿದೆ."

"ಕೈ ಎತ್ತೋದೊಂದೇ ಅವಳಿಗೆ ಬರೋದು."

ಮೇಡಂ ಎದ್ದು ಮೂಲೆಯತ್ತ ನಡೆದರು. ಉಪಾಯ ಹೊರಬಿತ್ತು, ಬಹುಮಾನ ಹೋಯಿತು, ಮರ್ಯಾದೆಯೂ ಹೋಯಿತು ಎಂದುಕೊಂಡರು ಮೇಷ್ಟ್ರು. ಅಷ್ಟರಲ್ಲಿ ಹೊರಗೆ ಹಾರನ್ ಕೇಳಿಸಿತು.

ಹೋದ ಜೀವ ಬಂದಂತಾಯಿತು. "ವ್ಯಾನು ಬಂತು. ನಡಿಯಮ್ಮ, ಬೇಗ," ಎಂದು ಮೇಷ್ಟ್ರೇ ಅವಳ ಗಂಟನ್ನು ಎತ್ತಿಕೊಟ್ಟರು. ಹುಡುಗಿ ಬಾಗಿಲವರೆಗೂ ಕೈ ಇಳಿಸಲಿಲ್ಲ. ಹೊಸಲಲ್ಲಿ ಒಮ್ಮೆ ತಿರುಗಿ ಮೇಷ್ಟ್ರನ್ನು ನೋಡಿದಳು. ಆಮೇಲೆ ಇಳಿಸಿದಳು.

"ನಿಮ್ಮ ಮಕ್ಕಳು ಉತ್ತರ ಹೇಳೋದ್ರಲ್ಲಿ ಎತ್ತಿದ ಕೈ," ಎಂದರು ಮೇಡಂ ಹೊರಡುವಾಗ. ಬಹುಮಾನ ಕೈಗೆ ಬಂದಷ್ಟೇ ಖಚಿತವಾಯಿತು.

ಅವರನ್ನು ಬೀಳ್ಕೊಟ್ಟು ಮೇಷ್ಟ್ರು ಹಿಂದಿರುಗುವಾಗ ಗೇಟಿನ ಬಳಿ ಅಜ್ಜಿ ಏದುಸಿರು ಬಿಡುತ್ತ ನಿಂತಿದ್ದಳು. ಕೈಯಲ್ಲಿ ಅದೇ ಬಟ್ಟೆಯ ಪಟ್ಟಿ.

"ಹೊರಟೇಹೋಯ್ತಾ ವ್ಯಾನು? ಇದನ್ನ ಕೊಡೋದು ಮರೆತೆ. ಅಲ್ಲಿಯವರಿಗೆ ಕಳಿಸಿಕೊಡಿ ಮೇಷ್ಟ್ರೇ. ಬರೆಯೋಕೆ ಕೂರಿಸುವಾಗ ಎಡಗೈಗೆ ಕಟ್ಟಬೇಕು. ಹುಟ್ಟಾ ಎಡಚಿ ಅವಳು. ಬರವಣಿಗೆಯನ್ನೇನೋ ಬಲಗೈಗೆ ತಂದೆ, ಮಿಕ್ಕಿದ್ದಕ್ಕೆಲ್ಲ ಇನ್ನೂ ಮೊದಲು ಏಳೋದು ಅದೇ ಕೈ."

ಮೇಷ್ಟ್ರು ಪಟ್ಟಿಯನ್ನು ಹಿಡಿದುಕೊಂಡರು.

"ಕೈ ಎತ್ತೋ ವಿಷಯ... ಕ್ಲಾಸಿನ ಮಕ್ಕಳು ಅವಳಿಗೆ ಏನೂ ಹೇಳಿರಲಿಲ್ವಾ ಅಜ್ಜಿ?"

"ಯಾರು ಏನು ಹೇಳಿದ್ರೋ ನಾನು ಕಾಣೆ. ಸಂಜೆ ಬಂದು ದಿನಾ ಒಂದೇ ಅಳು ಅವಳದು. 'ಇವತ್ತೂ ಎಲ್ಲಾ ಗೊತ್ತಿತ್ತು ಅಜ್ಜಿ, ಎಲ್ಲದಕ್ಕೂ ಕೈ ಎತ್ತಿದೆ, ಸಾರ್ ನನ್ನನ್ನ ಕೇಳಲೇ ಇಲ್ಲ.'"