ಏಳನೇ ಲಕೋಟೆ

"ಎಲ್ಲ ನಿಮ್ಮ ಕೈಗುಣ," ಎಂದು ಪ್ರೊಫೆಸರರು ಏಳನೇ ಗಾಜಿನ ಸ್ಲೈಡನ್ನು ಮೇಜಿನಾಚೆ ತಳ್ಳಿದರು. "ಆರೋಗ್ಯವಂತರ ಹೊಟ್ಟೆ ಕಂದು ಬಣ್ಣಕ್ಕೆ ತಿರುಗುತ್ತಾ?"

ಟೆಕ್ನಿಷಿಯನ್ ಮೂರು ಸಲ ಹೊಸದಾಗಿ ಬಣ್ಣ ಹಾಕಿದ್ದಳು. ಮೂರು ಸಲವೂ ಕಂದು.

ಪ್ರೊಫೆಸರರ ಸಿದ್ಧಾಂತ ಸರಳ. ಜೀವಕೋಶದಲ್ಲಿ 'ಬೆಳೆ' ಎಂಬ ಅಪ್ಪಣೆ ಹೊತ್ತ ಆರ್‌ಎನ್‌ಎ ಚೀಟಿ, ಓದಿಯಾದ ಮೇಲೆ ಹರಿದುಹೋಗಬೇಕು. ಒಂದು ಪ್ರೋಟೀನು ಅದಕ್ಕೆ ಅಂಟಿಕೊಂಡು ಹರಿಯಗೊಡುವುದಿಲ್ಲ. ಕೋಶ ಅದೇ ಅಪ್ಪಣೆಯನ್ನು ಮತ್ತೆ ಮತ್ತೆ ಓದುತ್ತದೆ. ಬೆಳೆದದ್ದೇ ಬೆಳೆದದ್ದು, ಕ್ಯಾನ್ಸರ್. ಆ ಪ್ರೋಟೀನು ಹೆಚ್ಚಿದ್ದಲ್ಲಿ ಸ್ಲೈಡು ಕಂದಾಗುತ್ತದೆ, ಇಲ್ಲದಿದ್ದರೆ ನೀಲಿ. ರೋಗಿಗಳ ನಲವತ್ತು ಸ್ಲೈಡೂ ಕಂದು. ಎಂಡೋಸ್ಕೋಪಿಯಲ್ಲಿ 'ಏನೂ ಇಲ್ಲ' ಎನ್ನಿಸಿಕೊಂಡು ಹೊಟ್ಟೆಯ ಚೂರು ದಾನ ಮಾಡಿದವರು ಹತ್ತು ಮಂದಿ, ಆಸ್ಪತ್ರೆಯವರು, ಪ್ರಯೋಗಾಲಯದವರು, ಹೀಗೆ. ಅವರ ಸ್ಲೈಡುಗಳಲ್ಲಿ ಒಂಬತ್ತು ನೀಲಿ. ಏಳನೆಯದು ಮೊಸರಿನಲ್ಲಿ ಕಲ್ಲು. ಲೇಖನ ಶುಕ್ರವಾರ ಹೋಗಬೇಕು.

"ಬಣ್ಣ ನಿಜವಾಗಿದ್ರೆ ಅವರಿಗೆ ತಿಳಿಸಬೇಕಲ್ಲ, ಸರ್. ಈಗ ಗೊತ್ತಾದ್ರೆ ಬದುಕ್ಕೊಳ್ತಾರೆ."

"ಯಾರಿಗೆ ತಿಳಿಸ್ತೀರಿ? ಹೆಸರು ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ. ದಾನಿ ತನ್ನ ಹೆಸರನ್ನು ತಾನೇ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು, ಗುಮಾಸ್ತ ಮೇಲೆ ಬರೀ ನಂಬರು ಹಾಕಬೇಕು. ಪಕ್ಷಪಾತ ಬೇಡವೆಂದು ಪ್ರೊಫೆಸರರೇ ಮಾಡಿದ ಕಟ್ಟಳೆ. ಹತ್ತೂ ಲಕೋಟೆಗಳು ಅವರ ಡ್ರಾಯರಿನಲ್ಲಿದ್ದವು.

"ಒಂದು ಸಲ ತೆರೆದು ನೋಡಿ, ಸರ್."

"ನಿಮ್ಮ ತಪ್ಪು ಮುಚ್ಚೋಕೆ ಯಾರದ್ದೋ ನಿದ್ದೆ ಕೆಡಿಸಬೇಕಾ? ನಿಮ್ಮನ್ನ ನೋಡಿದ್ರೆ ಸಾಕು, ನನ್ನ ಹೊಟ್ಟೆ ಉರಿಯುತ್ತೆ." ಮಾತು ಮುಗಿಯುವ ಮೊದಲೇ ಮಾತ್ರೆಯೊಂದು ಬಾಯಿಗೆ ಹೋಯಿತು. ಅವಳ ಜೊತೆ ಹತ್ತೊಂಬತ್ತು ವರ್ಷ ಏಗಿದ ಹೊಟ್ಟೆ; ಉರಿಯದೆ ಇನ್ನೇನು?

ಅವರು ಏಳನೇ ಲಕೋಟೆ ತೆಗೆದು, ಬಿಚ್ಚದೆಯೇ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

"ಏಳನೆಯವರು ಇರಲೇ ಇಲ್ಲ. ನಾಳೆಯಿಂದ ನೀವೂ ಇರೋದು ಬೇಡ."

ಅವಳು ಕಸದ ಬುಟ್ಟಿಯನ್ನು ಎತ್ತಿಕೊಂಡೇ ಹೊರನಡೆದಳು. ಹೋಗುವಾಗಲಾದರೂ ಶುಚಿತ್ವ ಬಂತಲ್ಲ ಎಂದು ಪ್ರೊಫೆಸರರು ಹಿಂದಿನಿಂದ ಹಂಗಿಸಿದರು.

ತನ್ನ ಮೇಜಿನ ಮೇಲೆ ಅವಳು ನಾಲ್ಕು ಚೂರನ್ನೂ ಜೋಡಿಸಿ ಗೋಂದು ಹಚ್ಚಿದಳು. ಹರಿದ ಚೀಟಿ ಮತ್ತೆ ಅಂಟಿಕೊಂಡಿತು. ಓದಿದಳು. ಇನ್ನೊಮ್ಮೆ ಓದಿದಳು. ಸಿಟ್ಟಿನಲ್ಲಿ ಬಿಗಿದಿದ್ದ ಮುಖ ನಿಧಾನಕ್ಕೆ ಸಡಿಲಾಯಿತು. ಎದ್ದು ಹೋಗಿ ಬಾಗಿಲು ತಟ್ಟಿದಳು.

"ಮತ್ತೆ ಯಾಕೆ ಬಂದ್ರಿ?" ಎಂದರು ಪ್ರೊಫೆಸರರು, ಇನ್ನೊಂದು ಮಾತ್ರೆ ಬಿಡಿಸುತ್ತ.

"ಏಳನೆಯವರಿಗೆ ತಿಳಿಸೋಕೆ, ಸರ್."