ನಳಿನಿಯನ್ನು ಎಬ್ಬಿಸುವ ಕೆಲಸ

ಪ್ರತಿದಿನ ಬೆಳಿಗ್ಗೆ ಜಲಜಮ್ಮ ಕಾರ್ಖಾನೆಗೆ ಬಂದು, ಚಪ್ಪಲಿ ಕಳಚಿಟ್ಟು, ತಲೆಗೆ ನೀಲಿ ಟೋಪಿ ಹಾಕಿಕೊಂಡು ಮಗಳನ್ನು ಎಬ್ಬಿಸುತ್ತಾಳೆ. ನಳಿನಿ ತೀರಿಕೊಂಡು ವರ್ಷಗಳೇ ಆಗಿವೆ. ಅವಳ ರಕ್ತದಿಂದ ತೆಗೆದ ಜೀವಕೋಶಗಳು ಮಾತ್ರ ಆಳೆತ್ತರದ ಉಕ್ಕಿನ ತೊಟ್ಟಿಯಲ್ಲಿ ಬೆಳೆಯುತ್ತಲೇ ಇವೆ, ದೇಶದೇಶಗಳ ರೋಗಿಗಳ ಮೈ ಸೇರುತ್ತಲೇ ಇವೆ. ತಾಯಿಯ ದನಿ ಕೇಳದೆ ಯಾವ ಕೋಶವೂ ಬೆಳೆಯುವುದಿಲ್ಲ. ಹಾಗಾಗಿ ಪಕ್ಕದ ಕೋಣೆಗಳಲ್ಲೂ ಒಬ್ಬೊಬ್ಬ ತಾಯಿ ಕೂಗುತ್ತಿರುತ್ತಾಳೆ.

“ಏಳೇ ನಳಿನಿ, ಸ್ಕೂಲ್ ಬಸ್ಸು ಬಂತು!” ಎಂದರೆ ಸಾಕು, ತೊಟ್ಟಿಯೊಳಗೆ ಗುಳುಗುಳು ಸದ್ದು ಶುರುವಾಗುತ್ತದೆ.

ಇಂದು ಸೂಪರ್‌ವೈಸರ್ ದಯಾನಂದ ಬಾಗಿಲಲ್ಲೇ ಕಾಯುತ್ತಿದ್ದ. ಅವನ ರಕ್ತದ ಕ್ಯಾನ್ಸರ್ ವಾಸಿಯಾದದ್ದೂ ನಳಿನಿಯ ಕೋಶಗಳಿಂದಲೇ.

“ಜಲಜಮ್ಮೋರೆ, ಆರ್ಡರ್ ಡಬಲ್ ಆಗಿದೆ. ಇನ್ಮೇಲೆ ರಾತ್ರಿನೂ ಎಬ್ಬಿಸ್ಬೇಕು.”

“ರಾತ್ರಿನೂನಾ? ಮತ್ತೆ ಮಗು ಮಲಗೋದು ಯಾವಾಗಪ್ಪಾ?”

“ಅದು ಮಗು ಅಲ್ಲಮ್ಮಾ, ಮಾಲು. ಹೂಂ, ಕೂಗಿ.”

ಜಲಜಮ್ಮ ತೊಟ್ಟಿಗೆ ಕೆನ್ನೆ ಆನಿಸಿದಳು. ಅದು ಜ್ವರ ಬಂದ ಹಣೆಯಂತೆ ಸುಡುತ್ತಿತ್ತು. ಇಷ್ಟು ವರ್ಷ ಇಲ್ಲಿ ಒಮ್ಮೆಯೂ ಆಡದ ಮಾತನ್ನು ಅವಳು ಮೆಲ್ಲಗೆ ಆಡಿದಳು.

“ಇವತ್ತು ಸ್ಕೂಲಿಗೆ ರಜಾ ಕಣೇ. ಮಲಕ್ಕೋ.”

ಗುಳುಗುಳು ನಿಂತಿತು.

“ಏನ್ ಮಾಡಿದ್ರಿ ನೀವು?” ಎಂದು ಕಿರುಚಲು ಬಾಯಿ ತೆರೆದ ದಯಾನಂದ ದೊಡ್ಡದಾಗಿ ಆಕಳಿಸಿದ. ಹಾಗೇ ನೆಲಕ್ಕೊರಗಿ, ಮಂಡಿ ಮಡಚಿ, ಬಲಗೈಯನ್ನು ಕೆನ್ನೆಯಡಿ ಇಟ್ಟುಕೊಂಡು ನಿದ್ದೆಹೋದ. ನಳಿನಿ ಮಲಗುತ್ತಿದ್ದುದೂ ಹಾಗೆಯೇ.

ಆಫೀಸಿನಲ್ಲಿ ಪರದೇಶದ ಆಸ್ಪತ್ರೆಗಳ ಫೋನುಗಳು ಒಂದರ ಹಿಂದೊಂದು ಹೊಡೆದುಕೊಳ್ಳತೊಡಗಿದವು. ಮಗುವಿಗೆ ಎಚ್ಚರವಾದೀತೆಂದು ಜಲಜಮ್ಮ ಬಾಗಿಲು ಮುಚ್ಚಿದಳು.